ಆಸ್ಪತ್ರೆ ಬಳಸದವರು

ನಮ್ಮ ಕೇರಿಗೂ ಆಸ್ಪತ್ರೆಗೂ ನಡುವೆ ಇರುವುದು ಒಂದು ಗೋಡೆ. ಆಳೆತ್ತರದ್ದು, ಮೇಲೆ ಗಾಜಿನ ಚೂರು ನೆಟ್ಟಿದ್ದಾರೆ. ನನ್ನ ಬಚ್ಚಲಲ್ಲಿ ನಿಂತರೆ ಆಚೆ ನರ್ಸುಗಳು ಮಾತಾಡುವುದು ಕೇಳುತ್ತದೆ. ಯಾರಿಗೆ ಮದುವೆ ಗೊತ್ತಾಯಿತು, ಯಾರ ಅತ್ತೆ ಕಾಟ ಕೊಡುತ್ತಾಳೆ, ಎಲ್ಲ ನನಗೆ ಗೊತ್ತು. ಅಷ್ಟು ಹತ್ತಿರ. ಆದರೂ ನಮ್ಮ ಈ ಕಾಲಿವಾರಸ್ ಕೇರಿಯ ಜನ ಆಸ್ಪತ್ರೆ ಬಳಸುವುದಿಲ್ಲ ಎಂದು ವಿಶ್ವವಿದ್ಯಾಲಯದವರು ಕಂಡುಹಿಡಿದರು. ಅದಕ್ಕೆ ಕಾರಣ ನಮ್ಮ ನಡತೆ ಎಂದೂ ಕಂಡುಹಿಡಿದರು.

ನನ್ನ ಹೆಸರು ವಾರ್ಸಿನಿ. ವಯಸ್ಸು ನಲವತ್ತೇಳು. ಹತ್ತೊಂಬತ್ತಕ್ಕೆ ಕುಷ್ಠ ಬಂತು. ಒಂದು ವರ್ಷ ಮಾತ್ರೆ ನುಂಗಿದೆ, ವಾಸಿಯಾಯಿತು. ವಾಸಿಯಾಗಿ ಇಪ್ಪತ್ತೇಳು ವರ್ಷ. ನನ್ನಿಂದ ಯಾರಿಗೂ ಏನೂ ಅಂಟುವುದಿಲ್ಲ. ಈ ಮಾತನ್ನು ಎಷ್ಟು ಸಲ ಹೇಳಿದ್ದೇನೆಂದರೆ ಈಗ ಹೇಳಲು ನನಗೇ ಬೇಸರ. ಬಲಗೈ ಬೆರಳುಗಳು ಒಳಕ್ಕೆ ಮಡಚಿಕೊಂಡು ಹಾಗೇ ನಿಂತಿವೆ. ಪಾದಗಳಿಗೆ ಬಿಸಿ, ತಂಪು, ಮುಳ್ಳು ಯಾವುದೂ ತಿಳಿಯುವುದಿಲ್ಲ. ರೋಗ ಹೋಯಿತು, ಇದು ಉಳಿಯಿತು.

ನಾನು ಪುರಸಭೆಯ ರಸ್ತೆ ಗುಡಿಸುತ್ತೇನೆ. ಸೆಮಾರಾಂಗ್ ನಗರಕ್ಕೆ ಹೋಗುವ ಹೆದ್ದಾರಿಯಲ್ಲಿ ಸೇತುವೆಯಿಂದ ಮೀನು ಮಾರುಕಟ್ಟೆವರೆಗೆ ನನ್ನ ಪಾಲು. ತೆಂಗಿನ ಕಡ್ಡಿಯ ಪೊರಕೆ. ಬೆರಳು ಹಿಡಿಯುವುದಿಲ್ಲವಾದ್ದರಿಂದ ಸೈಕಲ್ ಟ್ಯೂಬಿನ ಪಟ್ಟಿಯಿಂದ ಪೊರಕೆಯನ್ನು ಮಣಿಕಟ್ಟಿಗೆ ಬಿಗಿದು ಕಟ್ಟಿಕೊಳ್ಳುತ್ತೇನೆ. ಹಲ್ಲಲ್ಲಿ ಗಂಟು ಎಳೆಯುತ್ತೇನೆ. ಲಾರಿಗಳು ಮಗ್ಗುಲಲ್ಲೇ ಹೋಗುತ್ತವೆ. ಧೂಳು, ಮೀನಿನ ನೀರು, ಹೊಗೆ. ಬಿಸಿಲೇರುವ ಹೊತ್ತಿಗೆ ಮನೆಗೆ ಬಂದು ಮೊದಲು ಮಾಡುವ ಕೆಲಸ ಬೂಟು ಬಿಚ್ಚಿ ಪಾದ ನೋಡಿಕೊಳ್ಳುವುದು. ನಮಗೆ ನೋವು ಬಂದು ಹೇಳುವುದಿಲ್ಲ. ಕಣ್ಣೇ ನೋಡಿ ಹೇಳಬೇಕು. ಒಂದು ಸಲ ಬೂಟಿನ ಒಳಗೆ ಮೊಳೆ ಇತ್ತು. ಬೆಳಗಿನಿಂದ ಅದರ ಮೇಲೇ ನಡೆದಿದ್ದೆ.

ಈ ಆಸ್ಪತ್ರೆ ಮೊದಲು ನಮ್ಮದೇ ಆಗಿತ್ತು. ಕುಷ್ಠದವರಿಗೆಂದೇ ಕಟ್ಟಿದ್ದು. ವಾಸಿಯಾದವರನ್ನು ಅವರವರ ಊರು ಒಳಗೆ ಬಿಟ್ಟುಕೊಳ್ಳಲಿಲ್ಲ. ಆಸ್ಪತ್ರೆಯ ಹಿಂದಿನ ಬಯಲಿನಲ್ಲಿ ಬಿದಿರಿನ ಗೋಡೆ ಎಬ್ಬಿಸಿಕೊಂಡು ಉಳಿದರು. ಅದೇ ನಮ್ಮ ಕೇರಿ. ನನ್ನ ಪಕ್ಕದ ಮನೆಯ ದಾರ್ಸೆಮ್ ಅಜ್ಜಿಗೆ ಒಂಬತ್ತು ವರ್ಷವಿದ್ದಾಗ ಅವಳಪ್ಪ ಆಸ್ಪತ್ರೆಯ ಗೇಟಿನ ಹತ್ತಿರ ನಿಲ್ಲಿಸಿ, "ಇಲ್ಲೇ ಇರು, ಸಿಗರೇಟು ತಗೊಂಡು ಬರ್ತೀನಿ" ಅಂದು ಹೋದ. ಆಮೇಲೆ ಬರಲಿಲ್ಲ. ಅವಳು ಅಲ್ಲೇ ಬೆಳೆದಳು, ಅಲ್ಲೇ ಮೂವತ್ತು ವರ್ಷ ರೋಗಿಗಳ ಹಾಸಿಗೆ ಬಟ್ಟೆ ಒಗೆದಳು. ಕಾಸ್ಟಿಕ್ ಸೋಡಾದ ನೀರಿನಲ್ಲಿ ಅವಳ ಬೆರಳುಗಳು ಒಂದೊಂದೇ ಗಿಣ್ಣು ಕಳೆದುಕೊಂಡವು. ಈಗ ಎರಡು ಅಂಗೈ ಇವೆ, ಬೆರಳಿಲ್ಲ. ಅದರಲ್ಲೇ ಮೆಣಸಿನಕಾಯಿಯ ಸಾಂಬಾಲ್ ಅರೆಯುತ್ತಾಳೆ. ನಮ್ಮ ಕೇರಿಯಲ್ಲಿ ಅವಳಷ್ಟು ಖಾರವಾಗಿ ಅರೆಯುವವರಿಲ್ಲ.

ಹನ್ನೊಂದು ವರ್ಷದ ಹಿಂದೆ ಅದು ಎಲ್ಲರ ಆಸ್ಪತ್ರೆಯಾಯಿತು. ಹಸಿರು ಬಣ್ಣ ಬಳಿದರು. ಹಳೆಯ ಹೆಸರು ಕೆರೆದರು. ಗಾಜಿನ ಬಾಗಿಲು ಬಂತು, ತಣ್ಣನೆಯ ಗಾಳಿ ಬಂತು, ಹೆರಿಗೆ ವಾರ್ಡು ಬಂತು. ಪಟ್ಟಣದವರು ಬರತೊಡಗಿದರು. ಅವರು ಬರಬೇಕಾದರೆ ನಾವು ಕಾಣಬಾರದು. ಗೇಟಿನಲ್ಲಿ ಒಂದು ಬೋರ್ಡು ಹಾಕಿದರು. ಸಾರ್ವಜನಿಕರ ಆರೋಗ್ಯ ಮತ್ತು ನೆಮ್ಮದಿಗಾಗಿ ಕಾಲಿವಾರಸ್ ನಿವಾಸಿಗಳು ಹಿಂದಿನ ಬಾಗಿಲನ್ನು ಬಳಸತಕ್ಕದ್ದು, ಮಂಗಳವಾರ ಮತ್ತು ಶುಕ್ರವಾರ, ಎಂಟರಿಂದ ಹತ್ತು ಗಂಟೆ. ಹಿಂದಿನ ಬಾಗಿಲೆಂದರೆ ಶವಾಗಾರದ ಪಕ್ಕದ್ದು. ಅಲ್ಲೊಂದು ಕೋಣೆ, ಒಂದು ಬೆಂಚು, ಒಬ್ಬ ನರ್ಸು. ಗಾಯಕ್ಕೆ ಬಟ್ಟೆ ಕಟ್ಟಿಕೊಡುತ್ತಾರೆ. ಕಟ್ಟುವಷ್ಟರಲ್ಲಿ ಹತ್ತಾದರೆ ಉಳಿದವರು ಶುಕ್ರವಾರ ಬರಬೇಕು.

ಗಾಯಕ್ಕೆ ವಾರ ಗೊತ್ತಿಲ್ಲ. ಅದು ಬುಧವಾರವೂ ಕೊಳೆಯುತ್ತದೆ.

ಹೋದ ವರ್ಷ ಮಳೆಯಿಲ್ಲದ ತಿಂಗಳಲ್ಲಿ ಹೆಸ್ತಿ ಬಂದಳು. ವಿಶ್ವವಿದ್ಯಾಲಯದ ಹುಡುಗಿ. ತಲೆವಸ್ತ್ರ ಚೆಂದಾಗಿ ಕಟ್ಟಿಕೊಂಡು, ಬೆನ್ನಿಗೊಂದು ಚೀಲ. ನಮ್ಮ ಕೇರಿಯಲ್ಲಿ ಓದಲು ಬರುವವರು ಕಡಿಮೆ. ನನಗೆ ಬರುತ್ತದೆ. ಅದಕ್ಕೇ ಮನೆಮನೆಗೆ ಕರೆದುಕೊಂಡು ಹೋಗುವ ಕೆಲಸ ನನಗೆ ಬಿತ್ತು.

"ಏನಕ್ಕಮ್ಮ ಇದು?" ಅಂದೆ.

"ಜನ ಆಸ್ಪತ್ರೆನ ಎಷ್ಟು ಬಳಸ್ತಾರೆ, ಯಾಕೆ ಬಳಸಲ್ಲ ಅಂತ ತಿಳ್ಕೊಳ್ಳೋಕೆ, ಇಬು. ಇದರಿಂದ ನಿಮಗೇ ಒಳ್ಳೇದಾಗುತ್ತೆ."

ಇಬು ಅಂದಳು. ಅಮ್ಮ ಅಂದಹಾಗೆ. ಅದು ನನಗೆ ಹಿಡಿಸಿತು. ದಾರ್ಸೆಮ್ ಅಜ್ಜಿಯ ಮನೆಯಲ್ಲಿ ಚಾಪೆಯ ಮೇಲೆ ಕೂತಳು, ಟೀ ಕೊಟ್ಟರೆ ಕುಡಿದಳು. ಲೋಟವನ್ನು ಎರಡು ಸಲ ಒರೆಸಿ ಕುಡಿದಳು, ಆದರೂ ಕುಡಿದಳು. ಅದಕ್ಕೇ ಅಜ್ಜಿ ಕರಗಿಹೋದಳು.

"ಕಳೆದ ಆರು ತಿಂಗಳಲ್ಲಿ ಕಾಯಿಲೆ ಬಂದಾಗ ಆಸ್ಪತ್ರೆಗೆ ಹೋದ್ರಾ ಅಜ್ಜಿ?"

"ಹೋದೆ."

"ಚಿಕಿತ್ಸೆ ಸಿಕ್ತಾ?"

"ವಾಪಸ್ ಕಳಿಸಿದ್ರು. ಗುರುವಾರ ಆಗಿತ್ತು."

ಹುಡುಗಿ ಹಾಳೆ ನೋಡಿದಳು. ಪೆನ್ನು ಅತ್ತಿತ್ತ ಆಡಿತು. "ಹಾಗಾದ್ರೆ ಬಳಸಲಿಲ್ಲ ಅಂತ ಬರ್ಕೊಳ್ತೀನಿ. ಕಾರಣ ಹೇಳಿ. ದೂರ ಅಂತಾನಾ, ಖರ್ಚು ಅಂತಾನಾ, ಬೇಕು ಅನ್ನಿಸಲಿಲ್ವಾ, ಅಥವಾ ಗೊತ್ತಿರಲಿಲ್ವಾ?"

ಅಜ್ಜಿ ನನ್ನ ಮುಖ ನೋಡಿದಳು. "ಏನೇ ಇದು ವಾರ್ಸಿನಿ, ಇವಳು ಕೇಳ್ತಿರೋದು? ಹೇಳಿದ್ನಲ್ಲ, ಬಿಡಲ್ಲ ಅಂದ್ರು ಅಂತ."

"ಅದಕ್ಕೆ ಜಾಗ ಇಲ್ಲ ಅಜ್ಜಿ ಇದ್ರಲ್ಲಿ," ಅಂದಳು ಹೆಸ್ತಿ.

"ಜಾಗ ಇಲ್ಲ ಅಂದ್ರೆ ಮಾಡ್ಕೋ ತಾಯಿ," ಅಂದೆ. "ಅಂಚಿನಲ್ಲಿ ಅಷ್ಟು ಬಿಳಿ ಇದೆಯಲ್ಲ."

ಅವಳು ಅಂಚಿನಲ್ಲಿ ಬರೆದುಕೊಂಡಳು. ಸಣ್ಣ ಅಕ್ಷರದಲ್ಲಿ, ಪೆನ್ಸಿಲಿನಲ್ಲಿ. ಆಮೇಲೆ ಅಜ್ಜಿಯ ಹೆಬ್ಬೆಟ್ಟು ಬೇಕು ಅಂದಳು. ಅಜ್ಜಿ ಎರಡೂ ಅಂಗೈ ಮುಂದೆ ಹಿಡಿದಳು. "ಆರಿಸ್ಕೋ." ಹುಡುಗಿಯ ಮುಖ ಕೆಂಪಾಯಿತು. ಕೊನೆಗೆ ಅಂಗೈಯ ಮೂಲೆಯನ್ನು ಶಾಯಿಗೆ ಒತ್ತಿ ಹಾಳೆಗೆ ಒತ್ತಿಸಿದೆ. ನೇರಳೆಹಣ್ಣು ಜಜ್ಜಿದ ಹಾಗೆ ಮೂಡಿತು.

ಐದು ದಿನ ಸುತ್ತಿದೆವು. ಅರವತ್ತನಾಲ್ಕು ಮನೆ. ಬೆಳಿಗ್ಗೆ ಗುಡಿಸಿ ಬಂದು, ಸ್ನಾನ ಮಾಡಿ, ಅವಳ ಹಿಂದೆ ನಡೆಯುತ್ತಿದ್ದೆ. ನನ್ನ ಕೂಲಿ ಒಂದು ಕಿಲೋ ಸಕ್ಕರೆ, ಒಂದು ಲೀಟರ್ ಎಣ್ಣೆ. ಬಹುಪಾಲು ಮನೆಯವರು ಹೇಳಿದ್ದು ಒಂದೇ ಮಾತು. ಅಂಚಿನಲ್ಲಿ ಪೆನ್ಸಿಲು ಓಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನಾಲ್ಕು ತಿಂಗಳಾದ ಮೇಲೆ ಕೇರಿಯ ಸಭಾಂಗಣದಲ್ಲಿ ಫಲಿತಾಂಶ ಹೇಳಿದರು. ದೊಡ್ಡ ಬ್ಯಾನರು. ಆಸ್ಪತ್ರೆಯ ದೊಡ್ಡ ಡಾಕ್ಟರು, ಆರೋಗ್ಯ ಇಲಾಖೆಯವರು, ಎಲ್ಲರೂ ಬಾಟಿಕ್ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ. ನಮಗೆಲ್ಲ ಒಂದೊಂದು ರಟ್ಟಿನ ಡಬ್ಬಿ. ಅದರಲ್ಲಿ ಎಲೆ ಸುತ್ತಿದ ಅನ್ನದುಂಡೆ, ಒಂದು ಕೇಕು, ನೀರು. ಹೆಸ್ತಿ ಗೋಡೆಯ ಮೇಲೆ ಬೆಳಕು ಬಿಟ್ಟು ತೋರಿಸಿದಳು. ನೂರಕ್ಕೆ ಇಪ್ಪತ್ತೆರಡು ಜನ ಮಾತ್ರ ಆಸ್ಪತ್ರೆ ಬಳಸುತ್ತಾರಂತೆ. ಮನೆ ಪಕ್ಕದಲ್ಲೇ ಇದ್ದೂ ಬಳಸದಿರುವುದಕ್ಕೆ ಕಾರಣ ಅರಿವಿನ ಕೊರತೆ, ಶಿಸ್ತಿನ ಕೊರತೆ, ತನ್ನ ದೇಹದ ಬಗ್ಗೆ ಹೊಣೆಗಾರಿಕೆ ಇಲ್ಲದಿರುವುದು. ಪರಿಹಾರ, ನಡತೆಯ ಶಿಕ್ಷಣ.

ಅವಳು ಹೇಳುವಾಗ ನನ್ನ ಕಡೆ ನೋಡಲಿಲ್ಲ.

ಸಭೆ ಮುಗಿದ ಮೇಲೆ ಬಾಗಿಲಲ್ಲಿ ಹಿಡಿದೆ. "ಅಂಚಿನಲ್ಲಿ ಬರ್ಕೊಂಡಿದ್ಯಲ್ಲ ತಾಯಿ, ಅದೆಲ್ಲಿ?"

"ಅದನ್ನ ಎಣಿಸೋಕೆ ಬರಲ್ಲ ಅಂದ್ರು ನಮ್ಮ ಪ್ರೊಫೆಸರು. ಕೋಷ್ಟಕದಲ್ಲಿ ಕೂರಲ್ಲ ಅಂತ." ದನಿ ಇಳಿಸಿದಳು. "ನನ್ನ ಕೈಯಲ್ಲಿ ಇಲ್ಲ ಇಬು. ಬೇಜಾರು ಮಾಡ್ಕೋಬೇಡಿ."

ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಮರುದಿನ ಗುಡಿಸಬೇಕಿತ್ತು. ಮನೆಗೆ ಹೋಗಿ ಅನ್ನದುಂಡೆ ತಿಂದೆ.

ಶನಿವಾರ ಶನಿವಾರ ಪಾಠ ಶುರುವಾಯಿತು. ಕಲಿಸುವವರು ಬಾಪಾಕ್ ಮುಲ್ಯಾದಿ. ಬಾಪಾಕ್ ಅಂದರೆ ಅಪ್ಪಾ ಅಂದಹಾಗೆ. ನಿವೃತ್ತ ಮೇಷ್ಟ್ರು, ಬಿಳಿ ಮೀಸೆ, ಕತ್ತಿಗೆ ಸೀಟಿ. ಕೆಟ್ಟ ಮನುಷ್ಯನಲ್ಲ. ಮಕ್ಕಳಿಗೆ ಹೇಳಿಕೊಟ್ಟದ್ದನ್ನೇ ನಮಗೂ ಹೇಳಿಕೊಟ್ಟರು. ಪ್ರಾಮಾಣಿಕತೆ, ಶಿಸ್ತು, ಶುಚಿ, ಸಹನೆ, ಕೃತಜ್ಞತೆ. ಬಾಯಿಪಾಠ ಮಾಡಬೇಕು. ಎಪ್ಪತ್ತು ದಾಟಿದವರೂ ಎದ್ದು ನಿಂತು ಒಪ್ಪಿಸಬೇಕು.

ಮೊದಲ ಶನಿವಾರವೇ ಚಪ್ಪಾಳೆ ಕಲಿಸಿದರು.

"ನಾನು 'ಆರೋಗ್ಯ' ಅಂತೀನಿ, ನೀವು 'ನಮ್ಮ ಹೊಣೆ' ಅಂದು ಮೂರು ಸಲ ಚಪ್ಪಾಳೆ ತಟ್ಟಬೇಕು. ಎಲ್ಲಿ, ಜೋರಾಗಿ! ಆರೋಗ್ಯ!"

"ನಮ್ಮ ಹೊಣೆ."

ಆಮೇಲೆ ನಮ್ಮ ಚಪ್ಪಾಳೆ. ಮಡಚಿದ ಕೈಗಳು, ಗಿಣ್ಣಿಲ್ಲದ ಕೈಗಳು, ಬಟ್ಟೆ ಸುತ್ತಿದ ಕೈಗಳು. ಚಟ್ ಎನ್ನಲಿಲ್ಲ. ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದ ಹಾಗೆ ಧಪ್ ಧಪ್ ಅಂತು. ಬಾಪಾಕ್ ಮುಲ್ಯಾದಿಯ ಕೈ ಗಾಳಿಯಲ್ಲೇ ನಿಂತಿತು. ಅರ್ಥವಾಯಿತು ಅವರಿಗೆ. ಆದರೆ ಕಾಗದದಲ್ಲಿ ಚಪ್ಪಾಳೆ ಅಂತ ಇತ್ತು. ಎಂಟು ಶನಿವಾರವೂ ತಟ್ಟಿಸಿದರು.

ಕೊನೆಗೆ ಫೋಟೋ. "ಎಲ್ಲರೂ ಹೆಬ್ಬೆರಳು ಎತ್ತಿ!" ಅಂದ ಫೋಟೋದವನು.

ಸರ್ಕುನ್ ಮುಂದೆ ಕೂತಿದ್ದ. ಹಳೇ ಕಾಗದ, ಬಾಟಲಿ ಆಯುವ ಗಾಡಿ ಅವನದು. "ನಂದು ತೊಂಬತ್ತೆರಡರಲ್ಲೇ ಹೋಯ್ತು ತಮ್ಮ," ಅಂದ. "ಎಲ್ಲಾದ್ರೂ ಸಿಕ್ಕಿದ್ರೆ ಹೇಳು, ಎತ್ತಿ ತೋರಿಸ್ತೀನಿ."

ನಾವು ನಕ್ಕೆವು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಫೋಟೋದಲ್ಲಿ ಎಲ್ಲರೂ ನಗುತ್ತಿದ್ದೇವೆ. ಅದನ್ನೇ ಆಮೇಲೆ ಆಸ್ಪತ್ರೆಯ ಗೋಡೆಗೆ ಹಾಕಿದರಂತೆ, ಸಂತೋಷದಿಂದ ಕಲಿಯುತ್ತಿರುವ ನಿವಾಸಿಗಳು ಎಂದು.

ಒಂದು ಕಾರ್ಡು ಕೊಟ್ಟಿದ್ದರು. ಪಾಠಕ್ಕೆ ಬಂದರೆ ಒಂದು ಮೊಹರು. ಮೊಹರಿದ್ದವರಿಗೆ ಮಾತ್ರ ಹಿಂದಿನ ಬಾಗಿಲಲ್ಲಿ ಬಟ್ಟೆ ಕಟ್ಟುವುದು. ಹೀಗೆ ನಮ್ಮ ಗಾಯಕ್ಕೂ ನಡತೆ ಬಂತು.

ಆರನೆಯ ಶನಿವಾರ ದಾರ್ಸೆಮ್ ಅಜ್ಜಿಗೆ ಜ್ವರ. ಹಿಂದಿನ ದಿನ ಶುಕ್ರವಾರ ಬಾಗಿಲಿಗೆ ಹೋಗಿದ್ದಳು, ಅವಳ ಸರದಿ ಬರುವ ಮೊದಲೇ ಹತ್ತಾಗಿತ್ತು. "ಮಲ್ಕೋ ಅಜ್ಜಿ" ಅಂದೆ. "ಮೊಹರು ಹೋಗುತ್ತಲ್ಲೇ" ಅಂದಳು. ನನ್ನ ಭುಜ ಹಿಡಿದು ಬಂದಳು. ಚಪ್ಪಾಳೆ ತಟ್ಟಿದಳು. ಪ್ರಾಮಾಣಿಕತೆ, ಶಿಸ್ತು ಎಂದು ಹೇಳುವಾಗ ಹಲ್ಲು ಕಟಕಟ ಅನ್ನುತ್ತಿತ್ತು. ಮನೆಗೆ ಬಂದು ಪಾದದ ಬಟ್ಟೆ ಬಿಚ್ಚಿದೆ. ಹಿಮ್ಮಡಿಯ ಗಾಯ ಕಪ್ಪಾಗಿತ್ತು. ಕೆಂಪು ಗೆರೆ ಮೊಣಕಾಲಿನ ಕಡೆ ಏರುತ್ತಿತ್ತು. ವಾಸನೆ. ಆ ವಾಸನೆ ನಮ್ಮ ಕೇರಿಯವರಿಗೆಲ್ಲ ಗೊತ್ತು.

ಸರ್ಕುನ್ ಗಾಡಿ ತಂದ. ಬಾಟಲಿಗಳನ್ನು ಕೆಳಗೆ ಸುರಿದು ಅಜ್ಜಿಯನ್ನು ಮಲಗಿಸಿದೆವು. ಹಿಂದಿನ ಬಾಗಿಲಿಗೆ ಬೀಗ. ಗೋಡೆ ಸುತ್ತಿ ಮುಂದಿನ ಗೇಟಿಗೆ ಹೋದೆವು. ಕಾವಲಿನ ಸುಗೆಂಗ್ ಗಾಡಿಯನ್ನು ಹತ್ತು ಹೆಜ್ಜೆ ದೂರದಲ್ಲೇ ನಿಲ್ಲಿಸಿದ.

"ಇವತ್ತು ಶನಿವಾರ ಅಕ್ಕ."

"ಗೊತ್ತು. ಕಾಲು ನೋಡು."

ಅವನು ನೋಡಲಿಲ್ಲ. ಫೋನು ಮಾಡಿದ. ಬಹಳ ಹೊತ್ತು ಹೂಂ ಹೂಂ ಅಂದ. "ತುರ್ತು ವಿಭಾಗದವರು ಕೇಳಿದ್ರು, ಎಲ್ಲಿಯವರು ಅಂತ. ಕಾಲಿವಾರಸ್ ಅಂದೆ. ಮಂಗಳವಾರ ಅಂದ್ರು. ಇಲ್ಲ ಅಂದ್ರೆ ಸರ್ಕಾರಿ ಚಿಕಿತ್ಸಾಲಯದಿಂದ ಪತ್ರ ತರಬೇಕಂತೆ."

"ಅದು ಸೋಮವಾರದ ತನಕ ಮುಚ್ಚಿರುತ್ತೆ."

"ನಾನೇನು ಮಾಡ್ಲಿ ಅಕ್ಕ? ನಿಯಮ ಮಾಡಿದ್ದು ನಾನಾ?"

ಅಜ್ಜಿ ಗಾಡಿಯಲ್ಲಿ ಮಲಗಿದ್ದವಳು, "ಬಿಡ್ರೇ, ಮನೆಗೆ ಹೋಗೋಣ. ಅವನ ಊಟದ ಹೊತ್ತು" ಅಂದಳು.

ಭಾನುವಾರ ಉಪ್ಪು ನೀರು ಕಾಯಿಸಿ ತೊಳೆದೆ. ಸೋಮವಾರ ನಾನು ಕೆಲಸ ಬಿಟ್ಟು ಪತ್ರಕ್ಕೆ ಹೋದೆ. ಡಾಕ್ಟರು ತರಬೇತಿಗೆ ಹೋಗಿದ್ದರು. ಮಂಗಳವಾರ ಎಂಟು ಗಂಟೆಗೆ ಹಿಂದಿನ ಬಾಗಿಲು ತೆರೆಯಿತು. ನರ್ಸು ಮೊದಲು ಕಾರ್ಡು ಕೇಳಿದಳು. ಆರು ಮೊಹರು ನೋಡಿದಳು. ಆಮೇಲೆ ಕಾಲು ನೋಡಿ, ಓಡಿ, ಡಾಕ್ಟರನ್ನು ಕರೆತಂದಳು. ಮೂಳೆಗೆ ಇಳಿದಿತ್ತು. ಅವತ್ತೇ ಮೊಣಕಾಲಿನ ಕೆಳಗೆ ಕತ್ತರಿಸಿದರು.

ಡಾಕ್ಟರು ಹೊರಗೆ ಬಂದು ನನ್ನನ್ನು ಬೈದರು. "ಇಷ್ಟು ದಿನ ಏನು ಮಾಡ್ತಿದ್ರಿ? ಇಷ್ಟು ಕೆಟ್ಟ ಮೇಲೆ ತರೋದಾ? ಸ್ವಲ್ಪನಾದ್ರೂ ಶಿಸ್ತು ಬೇಡ್ವಾ ನಿಮಗೆ?"

"ಶನಿವಾರ ತಂದಿದ್ವಿ."

"ಶನಿವಾರ ನಿಮ್ಮ ದಿನ ಅಲ್ವಲ್ಲ."

ಅವರಿಗೆ ತಾವು ಹೇಳಿದ್ದು ಏನೆಂದು ಕೇಳಿಸಲಿಲ್ಲ. ನನಗೆ ಜಗಳಾಡುವ ಶಕ್ತಿ ಇರಲಿಲ್ಲ. ನಾಲ್ಕು ದಿನದಿಂದ ನಿದ್ದೆಯಿಲ್ಲ. ಬೆಂಚಿನ ಮೇಲೆ ಕೂತೆ. ಆ ಬೆಂಚು ಶವಾಗಾರದ ಗೋಡೆಗೆ ಆನಿಸಿಟ್ಟದ್ದು, ಬೆನ್ನು ತಣ್ಣಗಾಗುತ್ತದೆ.

ಅಜ್ಜಿ ಹದಿನಾಲ್ಕು ದಿನ ಆಸ್ಪತ್ರೆಯಲ್ಲಿದ್ದಳು. ಮನೆಗೆ ತಂದ ದಿನ ಒಂದೇ ಮಾತು ಕೇಳಿದಳು. "ನನ್ನ ಕಾಲು ಎಲ್ಲಿ ಹಾಕಿದ್ರೇ? ಹೂತ್ರಾ, ಸುಟ್ರಾ?" ನನಗೆ ಗೊತ್ತಿರಲಿಲ್ಲ. ಕೇಳಬೇಕೆಂದು ಹೊಳೆದಿರಲಿಲ್ಲ. ಅವಳು ಅದನ್ನೇ ಯೋಚಿಸುತ್ತಾ ಎರಡು ದಿನ ಉಣ್ಣಲಿಲ್ಲ.

ಪಾಠಗಳು ಮುಗಿದವು. ಹೆಸ್ತಿ ಮತ್ತೆ ಬಂದಳು. ಈ ಸಲ ಇಬ್ಬರು ಸಹಾಯಕಿಯರು, ಮೂರು ಮೇಜು, ಮತ್ತೆ ರಟ್ಟಿನ ಡಬ್ಬಿಗಳು. ಆಸ್ಪತ್ರೆಯ ದೊಡ್ಡ ಡಾಕ್ಟರೂ ಬಂದು ಕೂತರು. ಬಾಪಾಕ್ ಮುಲ್ಯಾದಿ ಸೀಟಿ ಊದಿ ನಮ್ಮನ್ನು ಸಾಲಾಗಿ ಕೂರಿಸಿದರು. ನಡತೆಯ ಶಿಕ್ಷಣ ಕೊಟ್ಟ ಮೇಲೆ ಏನು ಬದಲಾಯಿತು ಎಂದು ಅಳೆಯಬೇಕಂತೆ.

"ಈಗಾಗಲೇ ಒಳ್ಳೆ ಸುದ್ದಿ ಇದೆ," ಅಂದರು ದೊಡ್ಡ ಡಾಕ್ಟರು. "ಈ ಮೂರು ತಿಂಗಳಲ್ಲಿ ಕಾಲಿವಾರಸ್‌ನವರು ಆಸ್ಪತ್ರೆಯಲ್ಲಿ ಕಳೆದ ದಿನಗಳು ದುಪ್ಪಟ್ಟಾಗಿವೆ. ನಿಮಗೆ ಅಭಿನಂದನೆ. ಚಪ್ಪಾಳೆ!"

ಧಪ್ ಧಪ್ ಧಪ್.

ನಾನು ತಟ್ಟಲಿಲ್ಲ. ಲೆಕ್ಕ ಹಾಕುತ್ತಿದ್ದೆ. ಆ ಮೂರು ತಿಂಗಳಲ್ಲಿ ಕೇರಿಯಿಂದ ಒಳಗೆ ಮಲಗಿದವರು ಯಾರು? ಒಬ್ಬಳೇ. ದಾರ್ಸೆಮ್ ಅಜ್ಜಿ. ಅವರು ದುಪ್ಪಟ್ಟು ಅಂದದ್ದು ಅವಳ ಹದಿನಾಲ್ಕು ದಿನವನ್ನು. ಅವಳ ಕಾಲು ಹೋದದ್ದು ಅವರ ಕೋಷ್ಟಕದಲ್ಲಿ ನಮ್ಮ ನಡತೆ ಸುಧಾರಿಸಿದ್ದು ಎಂದು ಕೂತಿತ್ತು.

ಕೂಗಬೇಕು ಅನ್ನಿಸಲಿಲ್ಲ. ಸುಸ್ತು. ಈ ಜನರಿಗೆ ಎಷ್ಟು ಹೇಳುವುದು ಎನ್ನುವ ಸುಸ್ತು.

ಹೆಸ್ತಿ ಹಾಳೆಗಳನ್ನು ನನ್ನ ಕೈಗಿಟ್ಟಳು. "ಇಬು, ನೀವೇ ಎಲ್ಲರಿಗೂ ಹಂಚಿ ಸಹಿ ಹಾಕಿಸಿಬಿಡಿ. ಕೊನೇ ಪುಟದಲ್ಲಿ. ಬೇರೆ ಓದೋದೇನೂ ಬೇಡ, ಹೋದ್ಸಲದ್ದೇ."

ಹೋದ ಸಲ ನಾನೂ ಓದಿರಲಿಲ್ಲ. ಈ ಸಲ ಓದಿದೆ. ನಿಂತಲ್ಲೇ, ಮಡಚಿದ ಕೈಯಲ್ಲಿ ಹಾಳೆ ತಿರುವುತ್ತಾ, ನಿಧಾನವಾಗಿ. ಎಲ್ಲರೂ ಕಾದರು. ಕೊನೆಯ ಪುಟದಲ್ಲಿ ಸಹಿಯ ಮೇಲೆ ನಾಲ್ಕು ಸಾಲು ಇತ್ತು. ನಾನು ಅದನ್ನು ಗಟ್ಟಿಯಾಗಿ ಓದಿದೆ.

"ನಾನು ಈ ಸಂಶೋಧನೆಯಲ್ಲಿ ಸ್ವ ಇಚ್ಛೆಯಿಂದ ಭಾಗವಹಿಸುತ್ತಿದ್ದೇನೆ. ಯಾವಾಗ ಬೇಕಾದರೂ, ಕಾರಣ ಕೊಡದೆ, ನಾನು ಇದರಿಂದ ಹೊರಗೆ ಬರಬಹುದು. ಬಂದರೆ ನಾನು ಕೊಟ್ಟ ಮಾಹಿತಿಯನ್ನು ಬಳಸತಕ್ಕದ್ದಲ್ಲ. ಇದರಿಂದ ನನಗೆ ದೊರೆಯುವ ಚಿಕಿತ್ಸೆಗೆ ಯಾವ ತೊಂದರೆಯೂ ಆಗುವುದಿಲ್ಲ."

ಹಾಳೆಯನ್ನು ಹೆಸ್ತಿಯ ಮುಂದೆ ಹಿಡಿದೆ.

"ಇದು ನಿಜವಾ ತಾಯಿ?" ಅಂದೆ.

ಹೆಸ್ತಿ ದೊಡ್ಡ ಡಾಕ್ಟರ ಕಡೆ ನೋಡಿದಳು. "ಅದು... ಎಲ್ಲ ಸಂಶೋಧನೆಯಲ್ಲೂ ಇರುತ್ತೆ ಇಬು. ನಿಯಮ."

"ನಿಯಮ ಅಂದ್ರೆ ಪಾಲಿಸ್ಬೇಕು ತಾನೆ? ಎಂಟು ಶನಿವಾರ ಅದನ್ನೇ ಹೇಳ್ಕೊಟ್ಟಿದ್ದೀರಿ."

"ಹೌದು ಆದ್ರೆ..."

"ಹಂಗಾದ್ರೆ ನಾನು ಹೊರಗೆ ಬಂದೆ," ಅಂದೆ. "ಕಾರಣ ಕೊಡಬೇಕಾಗಿಲ್ಲ ಅಂತ ಬರ್ದಿದೆ. ಕೊಡಲ್ಲ. ಹೋದ್ಸಲದ ನನ್ನ ಹಾಳೆ ವಾಪಸ್ ಕೊಡು."

ದೊಡ್ಡ ಡಾಕ್ಟರು ನಕ್ಕರು. "ಇದೇನು ಇಬು ವಾರ್ಸಿನಿ, ಇಷ್ಟು ದಿನ ಕಲಿತ ಮೇಲೆ? ಕೃತಜ್ಞತೆ ಅಂತ ಒಂದು ಪಾಠ ಇತ್ತಲ್ಲ?"

"ಇತ್ತು. ಬಾಯಿಪಾಠ ಆಗಿದೆ. ಬೇಕಾದ್ರೆ ಒಪ್ಪಿಸ್ತೀನಿ. ಹಾಳೆ ಕೊಡಿ."

"ಒಂದು ವರ್ಷದ ಕೆಲಸ ಇದು. ಒಬ್ಬರ ಹಟಕ್ಕೆ ಹಾಳಾಗಬೇಕಾ?"

ಹಿಂದಿನಿಂದ ದಾರ್ಸೆಮ್ ಅಜ್ಜಿ ಊರುಗೋಲು ನೆಲಕ್ಕೆ ಕುಟ್ಟಿದಳು. "ಒಬ್ಬಳಲ್ಲ. ನನ್ನ ಹಾಳೇನೂ ಕೊಡು ಮಗಳೇ. ನೇರಳೆಹಣ್ಣಿನ ಗುರುತಿದೆ ನೋಡು, ಅದೇ ನಂದು. ನನ್ನ ಹದಿನಾಲ್ಕು ದಿನಾನೂ ತೆಗಿ ಅದ್ರಿಂದ. ಅದು ನಾನು ಬಳಸಿದ್ದಲ್ಲ."

ಸರ್ಕುನ್ ಎದ್ದ. "ನಂದೂ ಕೊಡವ್ವ. ಹೆಂಗೂ ಹಳೇ ಕಾಗದ ಆಯೋನು, ಗಾಡಿಗೆ ಹಾಕ್ಕೋತೀನಿ."

ಆಮೇಲೆ ಒಬ್ಬೊಬ್ಬರೇ ಎದ್ದರು. ಎಲ್ಲರೂ ಅಲ್ಲ. ಹದಿಮೂರು ಜನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿ ಕೂತೇ ಇದ್ದರು. ಅವರನ್ನು ನಾನು ಬೈಯುವುದಿಲ್ಲ. ಅವರ ಕಾಲಲ್ಲೂ ಗಾಯವಿದೆ. ಐವತ್ತೊಂದು ಜನ ಹಾಳೆ ಕೇಳಿದರು. ಹೆಸ್ತಿ ಚೀಲದಿಂದ ಕಟ್ಟು ತೆಗೆದಳು. ದೊಡ್ಡ ಡಾಕ್ಟರು "ಕೊಡಬೇಡಿ" ಅಂದರು. ಅವಳು ಅವರನ್ನು ನೋಡಿದಳು, ಹಾಳೆಯ ನಾಲ್ಕು ಸಾಲು ನೋಡಿದಳು. ಹೆಸರು ಓದಿ ಓದಿ ಒಂದೊಂದೇ ಕೊಟ್ಟಳು. ಅಂಚಿನ ಪೆನ್ಸಿಲ್ ಬರಹ ಹಾಗೇ ಇತ್ತು. ಗುರುವಾರ ಎಂದು ವಾಪಸ್ ಕಳಿಸಿದರು. ಗೇಟಿನಲ್ಲೇ ನಿಲ್ಲಿಸಿದರು. ಬಿಡಲಿಲ್ಲ. ಬಿಡಲಿಲ್ಲ.

ಬಾಪಾಕ್ ಮುಲ್ಯಾದಿ ಸೀಟಿಯನ್ನು ಕತ್ತಿನಿಂದ ತೆಗೆದು ಜೇಬಿಗೆ ಹಾಕಿಕೊಂಡರು.

ಶುಕ್ರವಾರ ಹಿಂದಿನ ಬಾಗಿಲಿಗೆ ಹೋದರೆ ಬೀಗ. ಅದರ ಮೇಲೆ ಒಂದು ಕಾಗದ. ಕಾಲಿವಾರಸ್ ಕಾರ್ಯಕ್ರಮ ಮುಗಿದಿರುವುದರಿಂದ ವಿಶೇಷ ಕೋಣೆಯನ್ನು ಮುಚ್ಚಲಾಗಿದೆ. ಚಿಕಿತ್ಸೆಗೆ ಯಾವ ತೊಂದರೆಯೂ ಆಗುವುದಿಲ್ಲ ಎಂದು ಸಹಿ ಹಾಕಿಸಿಕೊಳ್ಳುವ ಅವರ ಹಾಳೆಯೇ ಹೇಳಿತ್ತು. ಹದಿಮೂರು ಜನರೂ ಅಲ್ಲೇ ನಿಂತಿದ್ದರು, ಕಾರ್ಡು ಹಿಡಿದುಕೊಂಡು. ಎಂಟೂ ಮೊಹರಿತ್ತು. ಅದರಲ್ಲೊಬ್ಬ ನನ್ನ ಕಡೆ ನೋಡಿ, "ನಿನ್ನಿಂದಾನೇ ಆಗಿದ್ದು. ಇದ್ದ ಒಂದು ಬಾಗ್ಲೂ ಹೋಯ್ತು" ಅಂದ. ನಿಜ ಅನ್ನಿಸಿತು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಕೂತೆ.

ಎರಡು ವಾರ ನಾನೇ ಕೇರಿಯ ಗಾಯ ಕಟ್ಟಿದೆ. ರಸ್ತೆ ಗುಡಿಸಿ ಬಂದು, ನೀರು ಕಾಯಿಸಿ, ಹಳೆಯ ತಲೆವಸ್ತ್ರ, ಹಳೆಯ ಲುಂಗಿ ಕುದಿಸಿ ಹರಿದು, ಒಂದೊಂದು ಮನೆ. ಮಡಚಿದ ಕೈಯಲ್ಲಿ ಗಂಟು ಹಾಕಲು ಬಹಳ ಹೊತ್ತು ಬೇಕು. ಅಜ್ಜಿಯ ಕತ್ತರಿಸಿದ ಕಾಲಿನ ಹೊಲಿಗೆಯ ಒಂದು ಮೂಲೆ ಬಿಟ್ಟುಕೊಂಡು ನೀರು ಸೋರತೊಡಗಿತು. ಅದು ನನ್ನ ಕೈಯಲ್ಲಿ ಆಗುವ ಕೆಲಸವಾಗಿರಲಿಲ್ಲ.

"ಹಿಂದಿನ ಬಾಗ್ಲು ಇಲ್ಲ," ಅಂದೆ ಅಜ್ಜಿಗೆ.

"ಹಂಗಾದ್ರೆ ಮುಂದಿನದು," ಅಂದಳು. ಅಷ್ಟೇ.

ಬುಧವಾರ ಏಳು ಜನ ಹೋದೆವು. ಸರ್ಕುನ್ ಗಾಡಿ ತೊಳೆದು ಚಾಪೆ ಹಾಸಿದ್ದ. ಆ ಹದಿಮೂರು ಜನರಲ್ಲಿ ನನ್ನನ್ನು ಬೈದವನೂ ಬಂದ, ಕುಂಟುತ್ತಾ, ಸ್ವಲ್ಪ ಹಿಂದೆ. ಎಲ್ಲರೂ ಹಬ್ಬದ ಬಟ್ಟೆ ಹಾಕಿದ್ದೆವು. ಯಾರೂ ಯಾರಿಗೂ ಹೇಳಿರಲಿಲ್ಲ, ಹಾಗೇ ಹಾಕಿಕೊಂಡು ಬಂದಿದ್ದೆವು.

ಸುಗೆಂಗ್ ಗೇಟಿನಲ್ಲಿ ಎರಡೂ ಕೈ ಅಗಲಿಸಿ ನಿಂತ. "ಅಕ್ಕ, ಬೇಡ. ನನ್ನ ಕೆಲಸ ಹೋಗುತ್ತೆ. ಮನೇಲಿ ಹೆಂಡ್ತಿ ಬಸುರಿ."

"ನಿನ್ನ ಕೆಲಸ ನೀನು ಮಾಡಪ್ಪ," ಅಂದೆ. "ನಮ್ಮನ್ನ ತಡಿ. ಕೈ ಹಿಡಿದು ತಡಿ. ರಟ್ಟೆ ಹಿಡಿದು ಆಚೆ ತಳ್ಳು. ನಾವೇನೂ ಅನ್ನಲ್ಲ."

ನನ್ನ ಬಲಗೈಯನ್ನು ಮುಂದೆ ಚಾಚಿದೆ. ಅವನು ಕೈಯನ್ನು ನೋಡಿದ. ನಾನು ಒಂದು ಹೆಜ್ಜೆ ಇಟ್ಟೆ. ಅವನು ಒಂದು ಹೆಜ್ಜೆ ಹಿಂದೆ ಸರಿದ. ಇನ್ನೊಂದು ಇಟ್ಟೆ. ಇನ್ನೊಂದು ಸರಿದ. ಹೀಗೆ ಗೇಟಿನಿಂದ ಗಾಜಿನ ಬಾಗಿಲವರೆಗೂ ಅವನು ಹಿಂದಕ್ಕೆ ನಡೆದ, ನಾವು ಮುಂದಕ್ಕೆ. ಹನ್ನೊಂದು ವರ್ಷ ಅವನು ನಮ್ಮನ್ನು ತಡೆದದ್ದು ಮುಟ್ಟದೆ. ಮುಟ್ಟಿ ತಡೆಯಲು ಅವನಿಗೆ ಬರುತ್ತಿರಲಿಲ್ಲ. ಗಾಜಿನ ಬಾಗಿಲು ತಾನಾಗಿಯೇ ಸರಿಯಿತು.

ಒಳಗೆ ತಣ್ಣಗಿತ್ತು. ನಂಬರ್ ಕೊಡುವ ಯಂತ್ರದ ಗುಂಡಿಯನ್ನು ಗಿಣ್ಣಿನಿಂದ ಒತ್ತಿದೆ. ಚೀಟಿ ಬಂತು. ಎಪ್ಪತ್ತನಾಲ್ಕು. ಕರೆದಾಗ ಅಜ್ಜಿಯನ್ನು ಕಿಟಕಿಯ ಮುಂದೆ ನಿಲ್ಲಿಸಿದೆ.

"ಕಾಲಿವಾರಸಾ?" ಅಂದಳು ಕಿಟಕಿಯವಳು. "ನೀವು ಹಿಂದಿನ ಬಾಗಿಲು."

"ಬೀಗ ಹಾಕಿದ್ದೀರಿ," ಅಂದೆ.

ಅವಳು ಎದ್ದು ಒಳಗೆ ಹೋದಳು. ಯಾರನ್ನೋ ಕೇಳಿದಳು. ಬಹಳ ಹೊತ್ತಾಯಿತು. ನಮ್ಮ ಹಿಂದೆ ಸಾಲು ಬೆಳೆಯಿತು, ಒಬ್ಬ ಗೊಣಗಿದ. ನಾವು ಅಲುಗಲಿಲ್ಲ. ಅಲುಗಲು ಬೇರೆ ಜಾಗವೂ ಇರಲಿಲ್ಲ. ಅವಳು ವಾಪಸ್ ಬಂದು ಯಾರ ಮುಖವನ್ನೂ ನೋಡದೆ ಅಜ್ಜಿಯ ಹೆಸರು, ಹುಟ್ಟಿದ ವರ್ಷ ಬರೆದುಕೊಂಡಳು. "ನಾಲ್ಕನೇ ಕೋಣೆ. ಡಾಕ್ಟರು ಹನ್ನೊಂದಕ್ಕೆ ಬರ್ತಾರೆ. ಕೂತ್ಕೊಳ್ಳಿ."

ಕೂತ್ಕೊಳ್ಳಿ ಅಂದಳು.

ನಾಲ್ಕನೆಯ ಕೋಣೆಯ ಮುಂದೆ ಕುರ್ಚಿಗಳ ಸಾಲು. ಎರಡೇ ಖಾಲಿ ಇದ್ದವು. ಅಜ್ಜಿಯನ್ನು ಒಂದರಲ್ಲಿ ಕೂರಿಸಿ ಇನ್ನೊಂದರಲ್ಲಿ ನಾನು ಕೂತೆ. ಅಜ್ಜಿಯ ಆಚೆ ಮಗ್ಗುಲಲ್ಲಿ ಒಬ್ಬ ಗಂಡಸು ಇದ್ದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಎಕ್ಸ್‌ರೇ ಲಕೋಟೆ. ಅವಳ ಕೈ ನೋಡಿದ, ಕಾಲು ನೋಡಿದ, ಮೂಗಿಗೆ ಕರವಸ್ತ್ರ ಹಿಡಿದು ಎದ್ದು ಹೋಗಿ ಗೋಡೆಯ ಹತ್ತಿರ ನಿಂತ. ಅವನ ಹಿಂದೆ ಅವನ ಹೆಂಡತಿಯೂ ಎದ್ದಳು.

ಏನೋ ಹೇಳಲು ಬಾಯಿ ತೆರೆದೆ.

ದಾರ್ಸೆಮ್ ಅಜ್ಜಿ ಖಾಲಿಯಾದ ಕುರ್ಚಿಗಳನ್ನು ನೋಡಿದಳು. ಆಮೇಲೆ ಬಟ್ಟೆ ಸುತ್ತಿದ ಅರ್ಧ ಕಾಲನ್ನು ಎರಡೂ ಅಂಗೈಯಲ್ಲಿ ಹಿಡಿದೆತ್ತಿ, ಆ ಗಂಡಸು ಕೂತಿದ್ದ ಕುರ್ಚಿಯ ಮೇಲೆ 'ಅಮ್ಮಾ' ಎಂದು ನಿಧಾನವಾಗಿ ಇಳಿಸಿದಳು. ಬೆನ್ನು ಹಿಂದಕ್ಕೆ ಆನಿಸಿದಳು.

"ಒಳ್ಳೇ ಮನುಷ್ಯ," ಅಂದಳು. "ಬೆಳಿಗ್ಗೆಯಿಂದ ಚಾಚೋಕೆ ಜಾಗ ಇರ್ಲಿಲ್ಲ ನೋಡು."